ಹೆಪ್ಪುಗಟ್ಟಿದ ಕೆರೆಯ ಮೇಲೆ ಒಂದು ಮುಂಜಾವು

ಹಾಕಿ ಎಂಬ ಮಾತು ಕಿವಿಗೆ ಬಿದ್ದೊಡನೆ ಕನ್ನಡ ನಾಡಿನವರ ಕಣ್ಣ ಮುಂದೆ ಕೊಡಗು ಬಂದು ನಿಲ್ಲುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ನಾವು ಒಮ್ಮೆ ಕಣ್ಣಾರೆ ಕಂಡವರು. ಒಂದೇ ಮನೆತನದ ಹಿರಿಯರೂ ಕಿರಿಯರೂ ಹೆಣ್ಣುಮಕ್ಕಳೂ ಒಂದೇ ತಂಡವಾಗಿ ಆಡುವ ಆ ಸೊಗಸನ್ನು ಮರೆಯಲಾಗದು. ಒಲಿಂಪಿಕ್ ಕೂಟಗಳಲ್ಲಿ ಎಂಟು ಸ್ವರ್ಣಪದಕಗಳನ್ನು ಗೆದ್ದ ಆಟವದು. ಆದರೆ ಅದೇ ಹೆಸರಿನ ಇನ್ನೊಂದು ಆಟ, ಹುಲ್ಲಿನ ಬದಲು ಮಂಜುಗಡ್ಡೆಯ ಮೇಲೆ, ಓಡುವ ಬದಲು ಜಾರುತ್ತ ಆಡುವ ಆಟ, ನಮ್ಮ ದೇಶದ ಒಂದು ಮೂಲೆಯಲ್ಲಿ ಬೇರೂರುತ್ತಿದೆಯೆಂಬುದು ಅರುವತ್ತು ದಾಟಿದ ನಮಗೆ ಈ ಸಲದ ಸಂಕ್ರಾಂತಿ ಕಳೆಯುವವರೆಗೂ ತಿಳಿದಿರಲಿಲ್ಲ. ತಿಳಿದುದು ಲಡಾಖಿನಲ್ಲಿ.

ಚಳಿಗಾಲದಲ್ಲಿ ಲಡಾಖಿಗೆ ಹೋಗುವ ಹುಚ್ಚು ನಮ್ಮದಲ್ಲ. ಬಾಗಲಕೋಟೆಯ ಕಡೆಯ ಭಕ್ತರ ಮನೆಯೊಂದರ ಮಗ ಅಲ್ಲಿ ರಸ್ತೆ ಕಾಮಗಾರಿಯ ಇಂಜಿನಿಯರ್. ಎರಡು ವರ್ಷದಿಂದ ಊರಿಗೆ ಬಂದಿಲ್ಲ. ತಾಯಿಯ ಕರುಳು ಕೇಳಬೇಕಲ್ಲ! "ಗುರುಗಳ, ತಾವೂ ಸಂಗಾಟ ಬಂದ್ರ ನಮಗ ಧೈರ್ಯ ಆಗತೈತ್ರಿ" ಎಂದು ಆ ತಾಯಿಯವರು ಮಠದ ಅಂಗಳದಲ್ಲಿ ನಿಂತು ಕೇಳಿದಾಗ ಇಲ್ಲವೆನ್ನಲಾಗಲಿಲ್ಲ. ಧೈರ್ಯ ಕೊಡಬೇಕಾದ ನಾವೇ ಅವರಿಗೆ ಭಾರವಾದುದು ಮುಂದಿನ ಮಾತು.

ದಿಲ್ಲಿಯಿಂದ ಲೇಹ್ ಪಟ್ಟಣಕ್ಕೆ ವಿಮಾನದಲ್ಲಿ ಒಂದೂಕಾಲು ಗಂಟೆಯ ಹಾದಿ. ಸಮುದ್ರಮಟ್ಟದಿಂದ ಏಳುನೂರು ಅಡಿ ಎತ್ತರದ ದಿಲ್ಲಿಯಿಂದ ಹತ್ತು ಸಾವಿರ ಅಡಿಗೂ ಮೇಲಣ ನೆಲಕ್ಕೆ ಅಷ್ಟರಲ್ಲಿ ಬಂದಿಳಿದರೆ ಶರೀರ ಸುಮ್ಮನಿದ್ದೀತೆ? ಎರಡು ದಿನ ಮಲಗಿಕೊಂಡೇ ಇರಬೇಕೆಂದು ಆ ಹುಡುಗ ಮೊದಲೇ ಎಚ್ಚರಿಸಿದ್ದ. ನಾವು ಕೇಳಲಿಲ್ಲ. ಬಂದ ದಿನವೇ ಸಂಜೆ ಪೇಟೆಯನ್ನೊಮ್ಮೆ ನೋಡಿ ಬರೋಣವೆಂದು ಹೊರಟು, ಏರುದಾರಿಯಲ್ಲಿ ನೂರು ಹೆಜ್ಜೆ ಇಡುವಷ್ಟರಲ್ಲಿ ತಲೆ ಸುತ್ತಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತೆವು. ಆ ರಾತ್ರಿ ಮೂಗಿಗೆ ಆಮ್ಲಜನಕದ ಕೊಳವೆ. ಆ ತಾಯಿಯವರೋ ಮಗನಿಗೆ ರೊಟ್ಟಿ ತಟ್ಟುತ್ತ ಆರಾಮವಾಗಿದ್ದರು. ಓದುಗರಲ್ಲಿ ಯಾರಾದರೂ ಆ ಕಡೆ ಹೋಗುವುದಾದರೆ ನಮ್ಮಂತೆ ಮಾಡದಿರಲಿ.

ಲಡಾಖು ಕೇಂದ್ರಾಡಳಿತ ಪ್ರದೇಶವಾದುದು 2019ರ ಅಕ್ಟೋಬರಿನಲ್ಲಿ. ವಿಸ್ತಾರ ಬಹಳ, ಜನ ಕಡಿಮೆ; 2011ರ ಗಣತಿಯಂತೆ ಎರಡೂಮುಕ್ಕಾಲು ಲಕ್ಷಕ್ಕೂ ತುಸು ಕಡಿಮೆ. ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. ಲೇಹ್‌ನಲ್ಲಿ ವರ್ಷವೆಲ್ಲ ಸೇರಿ ಬೀಳುವ ಮಳೆ ಹಿಮ ಹತ್ತು ಸೆಂಟಿಮೀಟರಿನ ಆಸುಪಾಸು. ಹೀಗಾಗಿ ಅದು ಚಳಿಯ ಮರುಭೂಮಿ. ಹಿಮದ ನಾಡೆಂದು ಕಲ್ಪಿಸಿಕೊಂಡು ಹೋದ ನಮಗೆ ಕಂಡುದು ಬೋಳು ಬೆಟ್ಟ, ಒಣ ಮಣ್ಣು, ಎಲೆಯುದುರಿದ ಪಾಪ್ಲರ್ ಮರ, ಕಣ್ಣು ಕೋರೈಸುವ ಬಿಸಿಲು. ಬಿಸಿಲಿನಲ್ಲಿ ಕುಳಿತರೆ ಹಿತ, ನೆರಳಿಗೆ ಸರಿದರೆ ಕೊರೆತ. ರಾತ್ರಿ ಉಷ್ಣಮಾನ ಶೂನ್ಯಕ್ಕಿಂತ ಹದಿನೈದು, ಇಪ್ಪತ್ತು ಡಿಗ್ರಿ ಕೆಳಗೆ. ನಲ್ಲಿಗಳೆಲ್ಲ ಹೆಪ್ಪುಗಟ್ಟುವುದರಿಂದ ನೀರನ್ನು ಹೊತ್ತು ತರಬೇಕು. ಮೊದಲ ಮುಂಜಾನೆ ಪೂಜೆಗೆಂದು ಇರಿಸಿಕೊಂಡ ತಂಬಿಗೆಯ ನೀರು ಕಲ್ಲಾಗಿತ್ತು. ಬುಖಾರಿಯೆಂಬ ಕಬ್ಬಿಣದ ಒಲೆಯ ಬಳಿ ಇಟ್ಟು ಕರಗಿಸಿಕೊಳ್ಳಬೇಕಾಯಿತು.

ಇಂಜಿನಿಯರ್ ಬಾಡಿಗೆಗಿದ್ದುದು ಪಟ್ಟಣದಲ್ಲಲ್ಲ. ಸಿಂಧೂ ನದಿಯ ದಂಡೆಗುಂಟ ತುಸು ಮೇಲಕ್ಕೆ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ. ಮನೆಯೊಡೆಯರು ಬೌದ್ಧರು, ಜವೆಗೋದಿ ಬೆಳೆಯುವ ರೈತರು. ಮಾಂಸ ಮುಟ್ಟದ ನಮಗಾಗಿ ತರಕಾರಿಯ ತುಕ್ಪಾ, ಖಂಬೀರ್ ರೊಟ್ಟಿ, ಒಣಗಿಸಿದ ಜರ್ದಾಳು. ಬೆಣ್ಣೆಯನ್ನೂ ಉಪ್ಪನ್ನೂ ಹಾಕಿ ಕಡೆದ ಚಹಾ ಮೊದಲ ಗುಟುಕಿಗೆ ವಿಚಿತ್ರವೆನಿಸಿದರೂ ಮೂರನೆಯ ದಿನಕ್ಕೆ ಅದಿಲ್ಲದೆ ಆಗದು ಎಂಬಂತಾಯಿತು. ಅವರ ಭಾಷೆಯಲ್ಲಿ ಹೆಸರಿನ ಕೊನೆಗೆ 'ಲೇ' ಸೇರಿಸುವುದು ಗೌರವ. ನಮ್ಮ ಕಡೆಯ 'ರೀ' ಇದ್ದಂತೆ. ಅಜ್ಜನಿಗೆ ಮೇಮೆ-ಲೇ, ಅಜ್ಜಿಗೆ ಅಬಿ-ಲೇ. ನಮ್ಮೂರಿನಲ್ಲಿ 'ಲೇ' ಎಂದರೆ ಏನರ್ಥವೆಂದು ನಾವು ವಿವರಿಸಿದಾಗ ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು.

ಆ ಮನೆಯ ಮಗಳು, ಹದಿನೆಂಟರ ಹುಡುಗಿ, ನಮ್ಮನ್ನು ಮೇಮೆ-ಲೇ ಎಂದೇ ಕರೆದಳು. ಅವಳ ಮುಖದಲ್ಲಿ ಹುಬ್ಬಿನ ಮೇಲೊಂದು ಹೊಸ ಗಾಯ. ಕಾರಣ ಕೇಳಿದರೆ ನಗುತ್ತ "ಪಕ್ ತಗುಲಿತು" ಎಂದಳು. ಪಕ್ ಎಂದರೇನೆಂದು ಕೇಳಿದ ಮೇಲೆ ಅಂದಿನ ಮಧ್ಯಾಹ್ನವೆಲ್ಲ ಅದೇ ಪಾಠವಾಯಿತು.

ಐಸ್ ಹಾಕಿಯಲ್ಲಿ ಚೆಂಡಿಲ್ಲ. ಗಟ್ಟಿ ರಬ್ಬರಿನ ಬಿಲ್ಲೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಸುಮಾರು 170 ಗ್ರಾಂ ತೂಕ. ಅದೇ ಪಕ್. ಪುಟಿಯಬಾರದೆಂದು ಆಟಕ್ಕೆ ಮುನ್ನ ಅದನ್ನು ಚಳಿಯಲ್ಲಿಟ್ಟು ಮರಗಟ್ಟಿಸುತ್ತಾರೆ. ಗೋಲು ಕಾಯುವವರೂ ಸೇರಿ ಒಂದೊಂದು ಪಕ್ಷದಲ್ಲಿ ಆರು ಜನ. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಅವಧಿ. ಅಂಗಳ ಅರುವತ್ತು ಮೀಟರ್ ಉದ್ದ. ಬೂಟಿನ ಅಡಿಗೆ ಉಕ್ಕಿನ ಅಲಗು. ಆಟದ ರಭಸಕ್ಕೆ ಒಂದೇ ನಿಮಿಷದಲ್ಲಿ ದಮ್ಮು ಕಟ್ಟುವುದರಿಂದ ಆಟಗಾರರು ಬದಲಾಗುತ್ತಲೇ ಇರುತ್ತಾರೆ. ತಲೆಯಿಂದ ಮೊಣಕಾಲಿನವರೆಗೆ ಕವಚ ತೊಡಲೇಬೇಕು. ಇದೆಲ್ಲ ಸೇರಿದರೆ ಒಬ್ಬೊಬ್ಬರ ಸಲಕರಣೆಗೆ ಹತ್ತಾರು ಸಾವಿರ ರೂಪಾಯಿ.

ಕೆರೆ ಹೆಪ್ಪುಗಟ್ಟುವ ಬಗೆಯನ್ನೂ ಹೇಳಬೇಕು. ಇತರ ದ್ರವಗಳು ತಂಪಾದಷ್ಟೂ ಭಾರವಾಗಿ ಕೆಳಗಿಳಿಯುತ್ತವೆ. ನೀರು ಮಾತ್ರ ನಾಲ್ಕು ಡಿಗ್ರಿಯಲ್ಲಿ ಅತಿ ಭಾರ. ಅದಕ್ಕೂ ತಂಪಾದರೆ ಹಗುರಾಗಿ ಮೇಲೆ ನಿಲ್ಲುತ್ತದೆ. ಆದುದರಿಂದಲೇ ಕೆರೆ ಮೇಲಿನಿಂದ ಗಡ್ಡೆಗಟ್ಟುತ್ತದೆ, ಕೆಳಗೆ ಮೀನು ಬದುಕಿರುತ್ತದೆ. ಆದರೆ ತಾನಾಗಿ ಕಟ್ಟಿದ ಗಡ್ಡೆ ಆಟಕ್ಕೆ ಸಾಲದು. ಉಬ್ಬು ತಗ್ಗು, ಬಿರುಕು, ಗಾಳಿ ತಂದ ಮಣ್ಣು. ರಾತ್ರಿಯ ಕಡು ಚಳಿಯಲ್ಲಿ ಅದರ ಮೇಲೆ ತೆಳ್ಳಗೆ ನೀರು ಹರಿಸಬೇಕು. ಅದು ಹೆಪ್ಪಾದ ಮೇಲೆ ಇನ್ನೊಂದು ಪದರು. ನೆಲ ಸಾರಿಸಿದಂತೆ. ಎಷ್ಟೋ ಹಳ್ಳಿಗಳಲ್ಲಿ ಕೆರೆಯೂ ಬೇಕಿಲ್ಲ. ಸಮತಟ್ಟಾದ ಹೊಲಕ್ಕೆ ಬದುವು ಕಟ್ಟಿ ಹೀಗೆ ಪದರು ಪದರಾಗಿ ನೀರು ಹಾಯಿಸಿ ಅಂಗಳ ಮಾಡಿಕೊಳ್ಳುತ್ತಾರೆ.

ಕೋಲಿನಿಂದ ಹೊಡೆಯುವ ಆಟ ಆ ಸೀಮೆಗೆ ಹೊಸದೇನಲ್ಲ. ಕುದುರೆಯ ಮೇಲೆ ಕುಳಿತು ಆಡುವ ಪೋಲೋ ಅಲ್ಲಿ ಬಹು ಹಿಂದಿನದು. ಪೋಲೋ ಎಂಬ ಪದವೇ ನೆರೆಯ ಬಾಲ್ಟಿ ಭಾಷೆಯಲ್ಲಿ ಚೆಂಡು ಎಂಬರ್ಥದ ಮಾತಿನಿಂದ ಬಂದುದೆಂದು ನಿಘಂಟುಕಾರರ ಮತ. ಮಂಜುಗಡ್ಡೆಯ ಮೇಲೆ ಜಾರುವುದನ್ನು ನಮ್ಮ ದೇಶಕ್ಕೆ ತಂದವರು ಆಂಗ್ಲರು. ಶಿಮ್ಲಾದ ಬಯಲು ಸ್ಕೇಟಿಂಗ್ ಅಂಗಳ 1920ರದು. ಲಡಾಖಿನಲ್ಲಿ ಐಸ್ ಹಾಕಿ ಆರಂಭವಾದುದು 1970ರ ದಶಕದಲ್ಲಿ, ಸೈನಿಕರಿಂದ. ಆರು ತಿಂಗಳು ದಾರಿ ಮುಚ್ಚಿದ ಠಾಣ್ಯಗಳಲ್ಲಿ ಅವರಿಗೆ ಬೇರೆ ಕಾಲಕ್ಷೇಪವೇನಿತ್ತು? ಅವರನ್ನು ನೋಡಿ ಊರ ಹುಡುಗರು ಹಳೆಯ ಮಿಲಿಟರಿ ಬೂಟಿಗೆ ಕಬ್ಬಿಣದ ಪಟ್ಟಿ ಬಿಗಿದು ಜಾರಲಾರಂಭಿಸಿದರು. ಗೋಲು ಕಾಯುವವನ ಕಾಲಿಗೆ ಕ್ರಿಕೆಟ್ ಪ್ಯಾಡು. ಲೇಹ್ ಪಟ್ಟಣದ ಕರ್ಜೂ ಕೆರೆ ಹಲವು ದಶಕ ಅವರ ಗರಡಿಮನೆಯಾಗಿತ್ತು. ಭಾರತವು ಈ ಆಟದ ಅಂತರರಾಷ್ಟ್ರೀಯ ಒಕ್ಕೂಟವನ್ನು ಸೇರಿದುದು 1989ರಲ್ಲಿ.

ಇದೆಲ್ಲ ಗಂಡುಮಕ್ಕಳ ಕಥೆ. ಹೆಣ್ಣುಮಕ್ಕಳು ದಂಡೆಯಲ್ಲಿ ನಿಂತು ನೋಡುವವರು. ಹುಡುಗರು ಆಡಿ ಬಿಟ್ಟ ಮೇಲೆ, ಬಿಸಿಲಿಗೆ ಮೆತ್ತಗಾದ ಅಂಗಳದಲ್ಲಿ, ಅಣ್ಣಂದಿರ ದೊಡ್ಡ ಬೂಟಿಗೆ ಬಟ್ಟೆ ತುರುಕಿಕೊಂಡು ಕಲಿತವರು. ಹೀಗೆ ಕಲಿತವರೇ 2016ರಲ್ಲಿ ಭಾರತದ ಮೊದಲ ಮಹಿಳಾ ತಂಡವಾಗಿ ತೈವಾನಿನ ತೈಪೆಗೆ ಹೋದರು. ಎದುರಾಳಿಗಳು ವರ್ಷವಿಡೀ ಯಂತ್ರದಿಂದ ಮಾಡಿದ ಮಂಜುಗಡ್ಡೆಯ ಮೇಲೆ ಅಭ್ಯಾಸ ಮಾಡುವವರು. ಇವರಿಗಿದ್ದುದು ಚಳಿಗಾಲದ ಎರಡು ತಿಂಗಳು. ಸೋತು ಬಂದರು. ಮರುವರ್ಷ ಬ್ಯಾಂಕಾಕಿಗೆ ಹೋಗಲು ಹಣ ಸಾಲದೆ ಸಾರ್ವಜನಿಕರ ಮುಂದೆ ಕೈಚಾಚಬೇಕಾಯಿತು. ಸಾವಿರಾರು ಜನ ತಮ್ಮ ಕೈಲಾದಷ್ಟು ಕೊಟ್ಟರು. 2017ರ ಮಾರ್ಚಿಯಲ್ಲಿ ಅಲ್ಲಿ ಫಿಲಿಪೀನ್ಸ್ ತಂಡವನ್ನು ನಾಲ್ಕಕ್ಕೆ ಮೂರು ಗೋಲಿನಿಂದ ಸೋಲಿಸಿದರು. ಈ ಆಟದಲ್ಲೊಂದು ಸಂಪ್ರದಾಯವಿದೆ: ಪಂದ್ಯ ಮುಗಿದ ಮೇಲೆ ಗೆದ್ದವರ ರಾಷ್ಟ್ರಗೀತೆಯನ್ನು ಮಾತ್ರ ನುಡಿಸುತ್ತಾರೆ. ಹಿಂದಿನ ವರ್ಷ ಪ್ರತಿ ಪಂದ್ಯದ ಕೊನೆಗೂ ಬೇರೆಯವರ ಗೀತೆ ಕೇಳಿ ನಿಂತವರು ಅಂದು ತಮ್ಮದನ್ನು ಕೇಳಿ ಕಣ್ಣೀರಾದರು. ನಮ್ಮ ಹುಡುಗಿ ಆಗಿನ್ನೂ ಪ್ರಾಥಮಿಕ ಶಾಲೆಯವಳು. ಊರಿನ ಒಬ್ಬರ ಫೋನಿನಲ್ಲಿ ಅದನ್ನು ಕಂಡೆನೆಂದು ಹೇಳಿದಳು.

ಮುಂದಿನ ವರ್ಷ, 2018ರಲ್ಲಿ, ಒಲಿಂಪಿಕ್ ಸ್ವರ್ಣಗಳನ್ನು ಗೆದ್ದ ಕೆನಡಾದ ಹೇಲಿ ವಿಕೆನ್‌ಹೈಸರ್ ಎಂಬ ಮಹಿಳೆ ಲೇಹ್‌ಗೆ ಬಂದು ಈ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು, ಸಲಕರಣೆಗಳನ್ನೂ ತಂದುಕೊಟ್ಟರು. 2025ರ ಜೂನಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್ ನಗರದಲ್ಲಿ ಏಷ್ಯಾ ಕಪ್ಪಿನ ಕಂಚಿನ ಪದಕ ಭಾರತದ ಮಹಿಳೆಯರಿಗೆ ದೊರೆಯಿತು. ಆ ತಂಡದಲ್ಲಿ ಬಹುಪಾಲು ಲಡಾಖಿನವರೇ. ನಮ್ಮ ಪತ್ರಿಕೆಗಳಲ್ಲಿ ಈ ಸುದ್ದಿ ಬಂದಿದ್ದರೆ ನಾವು ಕ್ರಿಕೆಟ್ಟಿನ ಪುಟ ತಿರುವುವ ಭರದಲ್ಲಿ ಕಾಣದೆ ಹೋದೆವೇನೋ.

ಆ ಹಳ್ಳಿಯಲ್ಲಿ ಹುಡುಗಿಯರ ಕ್ಲಬ್ಬು ಕಟ್ಟಿ ಇದು ಮೂರನೆಯ ಚಳಿಗಾಲ. ಹದಿನೈದು ಜನ ಹುಡುಗಿಯರು. ಸ್ಕೇಟ್ ಬೂಟುಗಳು ಎಂಟು ಜೊತೆ. ಕಟ್ಟಡವಿಲ್ಲ, ತರಬೇತುದಾರನಿಲ್ಲ. ಸೈನ್ಯದಿಂದ ನಿವೃತ್ತರಾದ ಊರಿನ ಹಿರಿಯರೊಬ್ಬರು ಹೇಳಿಕೊಟ್ಟಷ್ಟೇ ವಿದ್ಯೆ. ಸಾಮಾನುಗಳೆಲ್ಲ ನಮ್ಮ ಮನೆಯೊಡೆಯರ ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ. ಅದರ ಕೀಲಿ ಇವಳ ಕೊರಳಲ್ಲಿ. ಒಬ್ಬಳು ಆಡಿ ಬಂದು ದಂಡೆಯಲ್ಲಿ ಕುಳಿತು ಬೂಟು ಬಿಚ್ಚುತ್ತಾಳೆ. ಅದರ ಬಿಸಿ ಆರುವ ಮೊದಲೇ ಇನ್ನೊಬ್ಬಳು ಹಾಕಿಕೊಂಡು ಇಳಿಯುತ್ತಾಳೆ. ಇದನ್ನು ಕಂಡಾಗ ನಮಗೆ ಮಠದ ವಿದ್ಯಾರ್ಥಿದೆಸೆ ನೆನಪಾಯಿತು. ವ್ಯಾಕರಣದ ಒಂದು ಪುಸ್ತಕಕ್ಕೆ ನಾವು ಮೂವರು. ನಸುಕಿನಲ್ಲಿ ಒಬ್ಬ, ಪ್ರಸಾದದ ಮೇಲೆ ಒಬ್ಬ, ದೀಪದ ಬೆಳಕಿನಲ್ಲಿ ಒಬ್ಬ. ನಮ್ಮ ಪಾಳಿ ಬರುವಷ್ಟರಲ್ಲಿ ಹಾಳೆಗಳಿಗೆ ಎಣ್ಣೆಯ ವಾಸನೆ. ಪುಸ್ತಕ ಕೈಗೆ ಸಿಕ್ಕ ಆ ಎರಡು ಗಂಟೆಗಳಲ್ಲಿ ಓದಿದ್ದು ಇಂದಿಗೂ ಬಾಯಲ್ಲಿದೆ. ಮುಂದೆ ಸ್ವಂತಕ್ಕೆ ಕೊಂಡ ಎಷ್ಟೋ ಗ್ರಂಥಗಳನ್ನು ತೆರೆದೇ ಇಲ್ಲ.

ಆದರೆ ಮನೆಯಲ್ಲೊಂದು ಬಿಸಿ ವಾಗ್ವಾದ ನಡೆದಿತ್ತು. ಲಡಾಖಿನ ಶಾಲೆ ಕಾಲೇಜುಗಳಿಗೆ ರಜೆ ಚಳಿಗಾಲದಲ್ಲಿ, ಫೆಬ್ರುವರಿಯ ಕೊನೆಯವರೆಗೆ. ಅನುಕೂಲವಿದ್ದವರು ಮಕ್ಕಳನ್ನು ಆಗ ಜಮ್ಮುವಿಗೋ ಚಂಡೀಗಢಕ್ಕೋ ಪ್ರವೇಶ ಪರೀಕ್ಷೆಯ ಪಾಠಕ್ಕೆ ಕಳಿಸುತ್ತಾರೆ. ತಂದೆ ಚಂಡೀಗಢದಲ್ಲಿ ಶುಲ್ಕದ ಮೊದಲ ಕಂತು ಕಟ್ಟಿ ಬಂದಿದ್ದರು. ಮಗಳು ಹೋಗಿರಲಿಲ್ಲ. ಹೋದರೆ ಕ್ಲಬ್ಬಿಗೆ ಗೋಲು ಕಾಯುವವರಿಲ್ಲ. ಇದ್ದ ಇನ್ನೊಬ್ಬಳು ಹಿಂದಿನ ವರ್ಷ ಮದುವೆಯಾಗಿ ಹೋಗಿದ್ದಳು. ಮಂಜುಗಡ್ಡೆ ಇರುವುದೂ ಪಾಠ ನಡೆಯುವುದೂ ಒಂದೇ ಕಾಲದಲ್ಲಿ.

ಒಂದು ರಾತ್ರಿ ತಂದೆ ಬುಖಾರಿಯ ಮುಂದೆ ನಮ್ಮನ್ನು ಕೇಳಿಯೇಬಿಟ್ಟರು: "ತಾವು ವಿದ್ವಾಂಸರು. ತಾವೇ ಹೇಳಿ, ಓದು ದೊಡ್ಡದೋ ಆಟ ದೊಡ್ಡದೋ?" ನಾವು ತಡವರಿಸದೆ ಓದು ಎಂದೆವು. ಜೀವಮಾನವೆಲ್ಲ ಓದಿಯೇ ಬದುಕಿದವರಿಗೆ ಬೇರೆ ಉತ್ತರ ಹೊಳೆಯುವುದುಂಟೆ? ಹುಡುಗಿ ಏನೂ ಅನ್ನಲಿಲ್ಲ. ಬಟ್ಟಲುಗಳನ್ನು ತೆಗೆದುಕೊಂಡು ಒಳಗೆ ಹೋದಳು. ಮೂಲೆಯಲ್ಲಿ ಮಣಿ ಎಣಿಸುತ್ತ ಕುಳಿತಿದ್ದ ಅಬಿ-ಲೇ ಮಾತ್ರ ತಮ್ಮ ಭಾಷೆಯಲ್ಲಿ ಏನನ್ನೋ ಗೊಣಗಿದರು. ಇಂಜಿನಿಯರ್ ಕನ್ನಡದಲ್ಲಿ ನಮಗೆ ಹೇಳಿದ: "ಗುರುಗಳ, ಅಬಿ-ಲೇ ಅಂತಾರ, ನಾನೂ ಓದಲಿಲ್ಲ, ಆಡಲೂ ಇಲ್ಲ, ನನ್ನನ್ಯಾರೂ ಕೇಳಲೂ ಇಲ್ಲ ಅಂತ."

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಎತ್ತರದ ನೆಲದಲ್ಲಿ ನಿದ್ರೆ ಕಡಿಮೆಯೆಂದು ವೈದ್ಯರು ಹೇಳಿದ್ದರು. ಆದರೆ ಅದೊಂದೇ ಕಾರಣವಲ್ಲ. ನಡುರಾತ್ರಿಯ ಹೊತ್ತಿಗೆ ಹೊರಗೆ ಮಾತು ಕೇಳಿಸಿತು. ಕಂಬಳಿ ಹೊದ್ದು ಕಿಟಕಿಗೆ ಬಂದೆವು. ಟಾರ್ಚಿನ ಬೆಳಕಿನಲ್ಲಿ ಐದಾರು ಹುಡುಗಿಯರು ಹೊಲದಂಚಿನ ಕೆರೆಯ ಮೇಲೆ ಕೊಡದಿಂದ ನೀರು ಚೆಲ್ಲುತ್ತಿದ್ದರು. ಒಬ್ಬಳು ಹಲಗೆಯಿಂದ ಸವರುತ್ತಿದ್ದಳು. ತೊರೆಯಿಂದ ನೀರು ತರಬೇಕು, ಕೊಡ ತುಂಬಿದೊಡನೆ ಓಡಬೇಕು, ಇಲ್ಲವಾದರೆ ಕೊಡದಲ್ಲೇ ಗಡ್ಡೆ. ಕೈಗವಸು ಒದ್ದೆಯಾದರೆ ಬೆರಳಿಗೆ ಅಪಾಯ. ನಮ್ಮ ಹುಡುಗಿ ಎಲ್ಲರಿಗಿಂತ ಮುಂದೆ. ಎರಡು ಗಂಟೆಯವರೆಗೂ ನಡೆಯಿತು.

ಮರುದಿನ ನೆರೆಯೂರಿನ ಹುಡುಗಿಯರೊಡನೆ ಪಂದ್ಯ. ಹತ್ತು ಗಂಟೆಗೆಂದು ಗೊತ್ತಾದುದನ್ನು ಏಳಕ್ಕೇ ಇಟ್ಟುಕೊಂಡರು, ಬಿಸಿಲು ಬಿದ್ದರೆ ಮೇಲ್ಪದರು ಮೆತ್ತಗಾಗುವುದೆಂದು. ಜನವರಿಯ ನಡುವಿನಲ್ಲಿ ಹೀಗಾಗುವುದು ತಮ್ಮ ಕಾಲದಲ್ಲಿ ಇರಲಿಲ್ಲವೆಂದು ಆ ನಿವೃತ್ತ ಸೈನಿಕರು ನಮ್ಮ ಪಕ್ಕದಲ್ಲಿ ನಿಂತು ಹೇಳಿದರು. ಅವರ ಎಳವೆಯಲ್ಲಿ ನವೆಂಬರಿನ ಕೊನೆಗೇ ಜಾರುತ್ತಿದ್ದರಂತೆ. ಈಗ ಡಿಸೆಂಬರಿನ ಕೊನೆಯ ವಾರ ಬಂದರೂ ಅನುಮಾನ. ಚಳಿಗಾಲ ಮೊಟಕಾಗುತ್ತಿರುವುದು ಹಿಮಾಲಯದಲ್ಲೆಲ್ಲ ಕಾಣುವ ಮಾತು. ಸೋನಮ್ ವಾಂಗ್‌ಚುಕ್ ಅವರು ಬೇಸಗೆಯ ಬೇಸಾಯಕ್ಕೆಂದು ಚಳಿಗಾಲದಲ್ಲಿ ನೀರನ್ನು ಗೋಪುರವಾಗಿ ಹೆಪ್ಪುಗಟ್ಟಿಸಿದ ಹಿಮಸ್ತೂಪಗಳೂ ಇದೇ ಚಿಂತೆಯಿಂದ ಹುಟ್ಟಿದವು. ಲೇಹ್‌ನ ಎನ್‌ಡಿಎಸ್ ಕ್ರೀಡಾಂಗಣದಲ್ಲಿ ಈಚೆಗೆ ಯಂತ್ರದಿಂದ ತಂಪುಮಾಡುವ ಅಂಗಳವಾಗಿದೆ; 2025ರ ಜನವರಿಯ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳು ಅಲ್ಲಿಯೂ ಗುಪುಕ್ ಕೆರೆಯ ಮೇಲೂ ನಡೆದವು. ಹಳ್ಳಿಗಳಿಗೆ ಆ ಸೌಲಭ್ಯ ಎಲ್ಲಿಂದ?

ಪಂದ್ಯವನ್ನು ವರ್ಣಿಸುವಷ್ಟು ನಮಗೆ ತಿಳಿಯದು. ಕಂಡದ್ದು ಇಷ್ಟು: ಅಲಗುಗಳ ಕರಕರ ಸದ್ದು, ಬಾಯಿಂದೇಳುವ ಉಗಿ, ಬಿಲ್ಲೆ ಎಲ್ಲಿದೆಯೆಂದು ಕಣ್ಣಿಗೆ ಸಿಗದಷ್ಟು ವೇಗ. ದಂಡೆಯಲ್ಲಿ ಲಾಮಾಗಳು, ಮುದುಕರು, ಮಕ್ಕಳು, ನಾಲ್ಕಾರು ನಾಯಿಗಳು. ಬಾಗಲಕೋಟೆಯ ನಮ್ಮ ತಾಯಿಯವರು ಎರಡು ಸ್ವೆಟರಿನ ಮೇಲೆ ಇಳಕಲ್ ಸೀರೆಯ ಸೆರಗು ಬಿಗಿದು "ಹೊಡಿಯವ್ವಾ ಹೊಡಿ" ಎಂದು ಕೂಗುತ್ತಿದ್ದರು. ಯಾರ ಪಕ್ಷವೆಂದು ಅವರಿಗೂ ಗೊತ್ತಿರಲಿಲ್ಲ. ನಮ್ಮ ಹುಡುಗಿ ಗೋಲಿನ ಮುಂದೆ ಮೊಣಕಾಲೂರಿ ಕುಳಿತಿದ್ದಳು. ಬಿಲ್ಲೆ ಬಂದಾಗಲೆಲ್ಲ ಹಿಂದೆ ಸರಿಯದೆ ಮುಂದಕ್ಕೇ ಬಾಗುವಳು. ಎರಡನೆಯ ಅವಧಿಯಲ್ಲಿ ಒಂದು ಮೂಲೆಯ ಗಡ್ಡೆ ಬಿರಿಯಿತು. ಅಲ್ಲಿಗೆ ಕಲ್ಲಿಟ್ಟು ಗುರುತು ಮಾಡಿ ಉಳಿದ ಜಾಗದಲ್ಲಿ ಆಡಿದರು. ಮೂರನೆಯ ಅವಧಿ ಅರ್ಧವಾಗುವಷ್ಟರಲ್ಲಿ ಬೆಟ್ಟದ ಮೇಲಿಂದ ಬಿಸಿಲಿಳಿದು ಮೇಲೆ ನೀರಾಡಿತು. ಇಬ್ಬರೂ ನಾಯಕಿಯರು ಮಾತಾಡಿಕೊಂಡು ಆಟ ನಿಲ್ಲಿಸಿದರು. ಆಗ ನೆರೆಯೂರಿಗೆ ಮೂರು, ಇವರಿಗೆ ಎರಡು. ಸೋಲೆಂದು ಬರೆದುಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಚಹಾ ಮುಗಿಯುವವರೆಗೂ ನಡೆದಿತ್ತು.

ಹಿಂದಿರುಗುವಾಗ ದಾರಿಯಲ್ಲಿ ತಂದೆಯವರ ಬಳಿ ನಾವು ಸಂಕೋಚದಿಂದಲೇ ಮಾತು ತೆಗೆದೆವು. ನಿನ್ನೆಯ ಉತ್ತರವನ್ನು ನಾವು ಹಿಂದಕ್ಕೆ ಪಡೆಯಲಿಲ್ಲ, ಓದು ದೊಡ್ಡದೇ. ಆದರೆ ಮಗಳನ್ನು ಕೇಳದೆ ನಮ್ಮನ್ನು ಕೇಳಿದುದು ಸರಿಯಲ್ಲವೆಂದೂ, ಕೇಳಿದೊಡನೆ ನಾವು ಉತ್ತರಿಸಿದುದು ಇನ್ನೂ ಸರಿಯಲ್ಲವೆಂದೂ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, ಆಟದಲ್ಲಿ ಮುಂದೆ ಬಂದ ಕೆಲವು ಹುಡುಗಿಯರನ್ನು ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆ ಕೆಲಸಕ್ಕೆ ತೆಗೆದುಕೊಂಡಿದೆ, ಆದರೆ ಅಂಥ ಜಾಗ ಎಷ್ಟಿದ್ದಾವು, ಎಂದರು. ಅವರ ಚಿಂತೆಯೂ ನ್ಯಾಯವಾದುದೇ. ಹಾಕಿಯ ಮೇಲೆ ನಂಬಿಕೆಯಿಟ್ಟು ಕುಳಿತುಕೊಳ್ಳಲು ಬಡ ರೈತನಿಗೆ ಆಗದು.

ನಾವು ಊರಿಗೆ ಬಂದ ಮೇಲೆ ಒಂದು ಪೊಟ್ಟಣ ಕಳಿಸಿದೆವು. ಹುಬ್ಬಳ್ಳಿಯ ಅಂಗಡಿಯಲ್ಲಿ ಐಸ್ ಹಾಕಿಯ ಸಾಮಾನು ಕೇಳಿದಾಗ ಅಂಗಡಿಯವರು ನಮ್ಮ ಮುಖ ನೋಡಿದರು. ಕೊನೆಗೆ ಸಿಕ್ಕಿದ್ದು ಮೊಣಕಾಲಿನ ಪಟ್ಟಿ, ಉಣ್ಣೆಯ ಕೈಗವಸು. ಆ ತಾಯಿಯವರು ಅದರೊಳಗೆ ಶೇಂಗಾ ಹಿಂಡಿಯ ಡಬ್ಬಿಯೊಂದನ್ನೂ ಸೇರಿಸಿದರು. ಫೆಬ್ರುವರಿಯ ಮೂರನೆಯ ವಾರದಲ್ಲಿ ಇಂಜಿನಿಯರನ ಫೋನಿನಿಂದ ಹುಡುಗಿಯೇ ಮಾತಾಡಿದಳು. ಕೈಗವಸು ಎಲ್ಲರಿಗೂ ಸಾಲಲಿಲ್ಲವಂತೆ, ಪಾಳಿಯಂತೆ ಹಾಕಿಕೊಳ್ಳುತ್ತಾರಂತೆ. ಶೇಂಗಾ ಹಿಂಡಿ ಅಬಿ-ಲೇ ಅವರಿಗೆ ಬಹಳ ಹಿಡಿಸಿದೆಯಂತೆ. ಕೆರೆ ಹತ್ತು ದಿನದ ಹಿಂದೆಯೇ ಒಡೆಯಿತು. ತಂದೆ ಚಂಡೀಗಢದ ಪಾಠದವರೊಡನೆ ಮಾತಾಡಿ ಉಳಿದ ತಿಂಗಳುಗಳಿಗೆ ಸೇರಿಸಿದ್ದಾರೆ; ಮರುದಿನ ಬೆಳಗಿನ ವಿಮಾನಕ್ಕೆ ಹೊರಡುವವಳು. ಕೋಣೆಯ ಕೀಲಿಯನ್ನು ಯಾರ ಕೈಗೆ ಕೊಟ್ಟೆ ಎಂದು ಕೇಳಿದೆವು. "ಹನ್ನೊಂದು ವರ್ಷದವಳೊಬ್ಬಳಿದ್ದಾಳೆ ಮೇಮೆ-ಲೇ, ತಾವು ನೋಡಿದ್ದೀರಿ, ಕಲ್ಲಿಟ್ಟು ಗುರುತು ಮಾಡಿದಳಲ್ಲ, ಅವಳಿಗೆ" ಎಂದಳು.